ಸಪ್ಪಳ ಮಾಡದ ಟ್ಯಾಪೆಟ್

ಕಳೆದ ವರ್ಷ ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ, ಹುಬ್ಬಳ್ಳಿಯ ನಮ್ಮ ಈರಪ್ಪ ಕಾಕಾನ ಗ್ಯಾರೇಜಿಗೆ ಒಂದು ಹಳೆಯ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಕಾರು ಧಾರವಾಡದ ನಿವೃತ್ತ ಹೆಡ್‌ಮಾಸ್ತರ ಹಿರೇಮಠರದು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ನಿನ ಒಂದು ವಾಲ್ವ್ ಸುಟ್ಟಿದೆ ಎಂದು ಗೊತ್ತಾಯಿತು. ದಸರೆಗೆ ಮುಂಚೆ ಆ ಎಂಜಿನ್ನಿನ ಟ್ಯಾಪೆಟ್ ಸೆಟ್ಟಿಂಗ್ ಮಾಡಿದವನು ಕಾಕಾ. ಆಮೇಲೆ ಬೇರೆ ಯಾರೂ ಅದಕ್ಕೆ ಕೈ ಹಚ್ಚಿರಲಿಲ್ಲ.

ಆ ಬೆಳಿಗ್ಗೆ ನಾನೂ ಅಲ್ಲಿದ್ದೆ. ನನ್ನ ಕಾರು ಕೆಲವು ವಾರಗಳಿಂದ ಟಿಕ್ ಟಿಕ್ ಎನ್ನುತ್ತಿತ್ತು. ತೋರಿಸೋಣವೆಂದು ಧಾರವಾಡದಿಂದ ತಂದಿದ್ದೆ. ಎಳೆದು ತಂದ ಗಾಡಿಯ ಮುಂದೆ ಟಿಕ್ ಟಿಕ್ ಎನ್ನುವ ಗಾಡಿಗೆ ಯಾವ ಮರ್ಯಾದೆ? ಕಾಕಾ ನನ್ನತ್ತ ಕೈ ಎತ್ತಿ ‘ನಿಂದ್ರು’ ಎಂದು ಸನ್ನೆ ಮಾಡಿದ. ನಾನು ಗೋಡೆಗೆ ಒರಗಿ ನಿಂತೆ. ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಒಂದು ಮೊಳೆಗೆ, ಮೊಳದುದ್ದದ ಸ್ಕ್ರೂಡ್ರೈವರ್ ತೂಗುಬಿದ್ದಿತ್ತು.

ಅದರ ಹಿಡಿ ಕಟ್ಟಿಗೆಯದು. ಹಿಡಿಯ ತುದಿ ಕಪ್ಪಾಗಿ, ದೇವರ ಮನೆಯ ಮಣೆಯ ಹಾಗೆ ನುಣುಪಾಗಿದೆ. ಸ್ಕ್ರೂ ತಿರುಗಿಸಿ ಆದ ನುಣುಪಲ್ಲ, ಕಿವಿಗೆ ಹಚ್ಚಿ ಹಚ್ಚಿ ಆದದ್ದು. ಓಡುತ್ತಿರುವ ಎಂಜಿನ್ನಿನ ಮೇಲೆ ತುದಿ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನ ಸಪ್ಪಳ ಕಬ್ಬಿಣದ ಗುಂಟ ಹತ್ತಿ ಬರುತ್ತದೆ. ಡಾಕ್ಟರು ಎದೆಗೆ ಕೊಳವೆ ಹಚ್ಚಿದಂತೆಯೇ. ನಾನು ಚಿಕ್ಕವನಿದ್ದಾಗ ಸಾಲಿಯ ಸೂಟಿಯಲ್ಲಿ ಕಾಕಾ ನನ್ನ ಕಿವಿಗೂ ಅದನ್ನು ಹಚ್ಚುತ್ತಿದ್ದ.

“ಏನ್ ಕೇಳಸ್ತೈತಿ, ಹೇಳು.”

“ಮಳಿ ಬಂದಂಗ ಕೇಳಸ್ತೈತಿ.”

“ಮಳಿ! ಗಿರಿಜಾ, ನೀ ಹೇಳವಾ.”

ಗಿರಿಜಾ ಕಾಕಾನ ಮಗಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಎಂಜಿನ್ನಿನ ಎತ್ತರ ಸಿಗದೆ ಒಂದು ಟಯರಿನ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಕಣ್ಣು ಮುಚ್ಚಿ ಕೇಳಿ, “ಎರಡನೇದ್ದು ಸಡ್ಲ ಐತಿ” ಎನ್ನುತ್ತಿದ್ದಳು. ಎರಡನೆಯದು ಸಡಿಲವಾಗಿಯೇ ಇರುತ್ತಿತ್ತು. ನನಗೆ ಉಳಿಯುತ್ತಿದ್ದದ್ದು ಕಿವಿಯ ಸುತ್ತ ಎಣ್ಣೆಯ ಕರಿ ಬಳೆ. ಸೂಟಿ ಮುಗಿಸಿ ಸಾಲಿಗೆ ಹೋದ ಮೊದಲ ದಿನವೇ ಮಾಸ್ತರೊಬ್ಬರು ಕಿವಿ ಹಿಂಡಲು ಕೈ ಚಾಚಿ, ಅದರ ಬಣ್ಣ ನೋಡಿ ಕೈ ಹಿಂದೆ ತೆಗೆದುಕೊಂಡರು. ಗ್ಯಾರೇಜಿನಿಂದ ನನಗಾದ ಲಾಭ ಇಷ್ಟೇ.

ಕಿವಿ ನಮ್ಮ ಮನೆತನದಲ್ಲಿ ಬಂದ ಆಸ್ತಿ ಎಂದು ಗರಗದ ನಮ್ಮ ಅಮ್ಮ, ಎಂದರೆ ಅಪ್ಪನ ತಾಯಿ, ಹೇಳುತ್ತಿದ್ದಳು. ಆಕೆ ಖಾದಿ ನೂಲುತ್ತಿದ್ದವಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ, ಪಡಸಾಲೆಯಲ್ಲಿ ಚರಕ ತಿರುಗಿಸುತ್ತಿರುವವರು ಯಾರೆಂದು ಬರೀ ಸಪ್ಪಳದಿಂದ ಹೇಳುತ್ತಿದ್ದಳು. ಎಳೆ ಹರಿಯುವ ಮೊದಲೇ “ಹರೀತು ನೋಡು” ಎನ್ನುತ್ತಿದ್ದಳು. ಗ್ಯಾರೇಜಿನಲ್ಲಿ ಕೈ ಒರೆಸಿಕೊಳ್ಳಲು ಇರುತ್ತಿದ್ದ ನೂಲಿನ ಮುದ್ದೆ ಆಕೆ ಕಳಿಸಿದ್ದೇ. ಆಸ್ತಿಯ ಪಾಲು ಕಾಕಾನಿಗೆ ಬಂತು, ಗಿರಿಜಾಳಿಗೆ ಬಂತು. ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯ ಸಡಿಲವೋ ಬಿಗಿಯೋ ನೋಡುವ ಕೆಲಸಕ್ಕೆ ಸೇರಿದೆ. ಅದಕ್ಕೆ ಕಿವಿ ಬೇಕಿಲ್ಲ. ಕೆಳಗಿನ ಮಹಡಿಯಲ್ಲಿ ಮುದ್ರಣ ಯಂತ್ರ ಓಡುತ್ತಿದ್ದರೂ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಬಲ್ಲೆ ಎಂಬುದೊಂದೇ ಈ ವಿಷಯದಲ್ಲಿ ನನಗಿರುವ ಖ್ಯಾತಿ.

ಟ್ಯಾಪೆಟ್ ಎಂದರೇನು ಎಂದು ಕೇಳುವವರು ನಿಮ್ಮಲ್ಲಿ ಇರಬಹುದು. ನನಗೂ ಕಾಕಾ ಹೇಳಿದಷ್ಟೇ ಗೊತ್ತು. ಎಂಜಿನ್ನಿನ ತಲೆಯಲ್ಲಿ ವಾಲ್ವ್‌ಗಳೆಂಬ ಸಣ್ಣ ಬಾಗಿಲುಗಳಿವೆ. ಗಾಳಿ ಒಳಗೆ ಬರಲು ಒಂದು, ಹೊಗೆ ಹೊರಗೆ ಹೋಗಲು ಒಂದು. ಅವನ್ನು ತೆರೆಯುವುದು ರಾಕರ್ ಆರ್ಮ್. ಮಕ್ಕಳು ಆಚೀಚೆ ಕೂತು ಏರಿಳಿಯುವ ಹಲಗೆಯಂಥದ್ದು. ಒಂದು ತುದಿಯನ್ನು ಕೆಳಗಿನಿಂದ ಎತ್ತಿದರೆ ಇನ್ನೊಂದು ತುದಿ ವಾಲ್ವನ್ನು ಒತ್ತುತ್ತದೆ. ಆ ತುದಿಗೂ ವಾಲ್ವಿಗೂ ನಡುವೆ ಕೂದಲೆಳೆಯ ಸಂದು ಬಿಡಬೇಕು. ಅದನ್ನು ಹೊಂದಿಸುವ ಕೆಲಸಕ್ಕೆ ಟ್ಯಾಪೆಟ್ ಸೆಟ್ಟಿಂಗ್ ಎನ್ನುತ್ತಾರೆ.

“ಸಂದು ಯಾಕ ಬೇಕು ಕಾಕಾ?” ಎಂದು ಒಮ್ಮೆ ಕೇಳಿದ್ದೆ.

“ಮಳಿಗಾಲದಾಗ ಬಾಗಲಾ ಉಬ್ಬಿ ಹಿಡೀತೈತಲ್ಲ? ಕಬ್ಬಿಣ ಕಾದಾಗ ಉಬ್ಬತೈತಿ. ಉಬ್ಬಾಕ ಜಾಗಾ ಬಿಡಬೇಕು. ಬಿಡಲಿಲ್ಲಂದ್ರ ವಾಲ್ವ್ ಪೂರಾ ಮುಚ್ಚೂದಿಲ್ಲ. ಆ ಸಂದ್ಯಾಗ ಬೆಂಕಿ ಹಾಯ್ದು ಹಾಯ್ದು ಅಂಚು ಸುಡತೈತಿ.”

“ಭಾಳ ಬಿಟ್ರ?”

“ಭಾಳ ಬಿಟ್ರ ಟಕಟಕ ಅಂತೈತಿ, ಅಷ್ಟಽ. ನೆಪ್ಪಿಡು ತಮ್ಮಾ. ಸಪ್ಪಳ ಮಾಡೂ ಟ್ಯಾಪೆಟ್ ಬೈಸಿಕೊಳ್ತೈತಿ, ಗಾಡಿ ಉಳಸತೈತಿ. ಸುಮ್ಮಿರೂ ಟ್ಯಾಪೆಟ್ ಶಾಬಾಸ್ ಅನ್ನಿಸಿಕೊಂತಽ ವಾಲ್ವ್ ಸುಡತೈತಿ.”

ಸಂದು ಅಳೆಯಲು ಉಕ್ಕಿನ ತೆಳು ಪತ್ತಿಗಳ ಒಂದು ಕಟ್ಟು ಬರುತ್ತದೆ. ಬೇಕಾದ ದಪ್ಪದ ಪತ್ತಿಯನ್ನು ಸಂದಿಯಲ್ಲಿ ತೂರಿಸಿ ನೋಡಿದರೆ ಮುಗಿಯಿತು. ಕಾಕಾ ಅದನ್ನು ಕಲಿಯುವವರ ಸಾಮಾನು ಎಂದು ಬದಿಗಿಟ್ಟಿದ್ದ. ಒಂದು ಕಾಲಕ್ಕೆ ಪತ್ತಿ ಕಳೆದಾಗ ಲಗ್ನಪತ್ರಿಕೆಯ ತುಂಡು ಹಾಕಿ ಹೊಂದಿಸಿದ್ದೂ ಉಂಟು. ಮನೆಗೆ ಬಂದ ಲಗ್ನಪತ್ರಿಕೆಯನ್ನು ಓದುವ ಮೊದಲು ಬೆರಳಲ್ಲಿ ತಿಕ್ಕಿ, “ಇದು ಗಾಳಿ ವಾಲ್ವಿಗೆ ಆಗತೈತಿ, ಹೊಗಿ ವಾಲ್ವಿಗೆ ತೆಳು” ಎಂದು ಹೇಳಿ ಹೆಂಡತಿಯಿಂದ, ಎಂದರೆ ನಮ್ಮ ಕಾಕುವಿನಿಂದ, ಬೈಸಿಕೊಳ್ಳುತ್ತಿದ್ದ. ಖರೇ ಪದ್ಧತಿ ಮಾತ್ರ ಕಿವಿಯದು. ಎಂಜಿನ್ ಓಡುತ್ತಿರುವಾಗಲೇ ಸ್ಕ್ರೂ ಬಿಗಿಯುತ್ತ ಹೋಗುವುದು. ಟಕಟಕ ನಿಂತ ಕೂಡಲೇ ಒಂದು ಕೂದಲಿನಷ್ಟು ಹಿಂದಕ್ಕೆ ತಿರುಗಿಸುವುದು. ಸಪ್ಪಳ ಸತ್ತ ಜಾಗ ಮತ್ತು ಮತ್ತೆ ಹುಟ್ಟುವ ಜಾಗ, ಇವೆರಡರ ನಡುವೆ ನಿಲ್ಲಿಸುವುದು.

ಪ್ರತಿ ವರ್ಷ ಖಂಡೇಪೂಜೆಗೆ, ಎಂದರೆ ದಸರೆಯ ಆಯುಧಪೂಜೆಗೆ, ಮುಂಚಿನ ವಾರ ಹಳೆಯ ಗಿರಾಕಿಗಳೆಲ್ಲ ಗಾಡಿ ತರುತ್ತಾರೆ. ಕಾಕಾ ಟ್ಯಾಪೆಟ್ ಹೊಂದಿಸುತ್ತಾನೆ. ಕೊನೆಗೆ ಮಾಲೀಕರು ತಾವೇ ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ‘ಹೂಂ’ ಎನ್ನಬೇಕು. ಹಾಗೆಂದ ಮೇಲೆಯೇ ಕುಂಕುಮ, ಹೂವು. ಕಳೆದ ದಸರೆಯಲ್ಲಿ ಹಿರೇಮಠ ಮಾಸ್ತರರು ಕಿವಿ ಹಚ್ಚಿ, ಹುಬ್ಬೇರಿಸಿ, “ಈರಪ್ಪಾ, ಎಂಜಿನ್ ಚಾಲೂ ಐತೋ ಬಂದ್ ಆಗೈತೋ ತಿಳೀವಲ್ದಲ್ಲೋ! ಪೂಜಾದ ಮನಿ ಆದಂಗ ಆತು” ಎಂದರು. ಕಾಕಾ ನಕ್ಕ. ನಾನೂ ಅಲ್ಲಿದ್ದು ಪೇಢೆ ತಿನ್ನುತ್ತಿದ್ದೆ. ಸುಮ್ಮನಿರುವ ಟ್ಯಾಪೆಟ್ಟಿನ ಬಗ್ಗೆ ನನಗೆ ಬಾಯಿಪಾಠವಿದ್ದ ಮಾತು ಆ ಹೊತ್ತಿಗೆ ನೆನಪಾಗಲಿಲ್ಲ.

ಈಗ ಎಳ್ಳಮಾವಾಸ್ಯೆಯ ಮರುದಿನಕ್ಕೆ ಬರುತ್ತೇನೆ.

ಮಾಸ್ತರರು ಕುರ್ಚಿಯಲ್ಲಿ ಕೂತು ಆದದ್ದನ್ನು ಹೇಳಿದರು. “ನಿನ್ನೆ ಭೂಮಿತಾಯಿಗೆ ಉಣಸಾಕ, ಚರಗಾ ಚೆಲ್ಲಾಕ ಹೊಲಕ್ಕ ಹೊಂಟಿದ್ವಿ. ಗರಗದ ಈಕಡೆ ಸಣ್ಣ ಏರು ಐತಲ್ಲ, ಅಲ್ಲಿ ದಮ್ ಹತ್ತಿದವರಗತೆ ಆತು. ನಿಂತಽ ಬಿಡ್ತು. ಸಜ್ಜಿ ರೊಟ್ಟಿ, ಎಣಗಾಯಿ, ಹೋಳಗಿ, ಎಲ್ಲಾ ಡಿಕ್ಕ್ಯಾಗ. ಟ್ರ್ಯಾಕ್ಟರ್ ಬರೂತನಕಾ ಹುಡುಗೂರು ತಡೀಬೇಕಲ್ಲ? ಭೂಮಿತಾಯಿಕಿಂತ ಮೊದಲ ಅವು ಉಂಡುವು.”

ಕಾಕಾ ನಗಲಿಲ್ಲ. ಅರ್ಧ ಕೇಳಿಸಿತ್ತೋ ಇಲ್ಲವೋ, ಈಗ ಅನ್ನಿಸುತ್ತದೆ. ಆಗ ಎಲ್ಲರೂ ಚಿಂತೆ ಎಂದುಕೊಂಡೆವು.

ಗಿರಿಜಾ ಈಗ ಗ್ಯಾರೇಜಿನ ಅರ್ಧ ಯಜಮಾನಿ. ಅವಳು ಎಂಜಿನ್ನಿನ ಒತ್ತಡ ಅಳೆದಳು. ಒಂದು ಸಿಲಿಂಡರಿನಲ್ಲಿ ಒತ್ತಡವೇ ಇರಲಿಲ್ಲ. ಎಂಜಿನ್ನಿನ ಹೆಡ್ ಇಳಿಸಿ, ಆ ವಾಲ್ವ್ ಹೊರತೆಗೆದು ಕಾಕಾನ ಕೈಗೆ ಕೊಟ್ಟಳು. ಗುಂಡಗಿನ ಅಂಚಿನಲ್ಲಿ ಇಲಿ ಕಡಿದ ಹಪ್ಪಳದಂತೆ ಒಂದು ತುಂಡು ಇರಲಿಲ್ಲ. ಕಾಕಾ ಅದರ ಮೇಲೆ ಉಗುರು ಆಡಿಸಿದ. ಬಿಸಿಲಿಗೆ ಹಿಡಿದ. ಮತ್ತೆ ಉಗುರು ಆಡಿಸಿದ.

“ಬಿಗಿ ಆಗಿತ್ತು,” ಎಂದ.

“ಪೆಟ್ರೋಲ್ ಛಲೋ ಇರಲಿಕ್ಕಿಲ್ಲ ಬಿಡೋ,” ಎಂದರು ಮಾಸ್ತರರು. ಅವರು ಕಾಕಾನ ಮುಖ ನೋಡಿದ್ದರು.

“ಪೆಟ್ರೋಲ್ ಅಲ್ರಿ, ಮಾಸ್ತರ. ಬಿಗಿ ಆಗಿತ್ತು. ಬಿಗಿ ಮಾಡಿದಾಂವ ನಾನಽ.”

ಇಷ್ಟು ಹೇಳಿ ವಾಲ್ವನ್ನು ನೂಲಿನ ಮುದ್ದೆಯಲ್ಲಿ ಒರೆಸಿ, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು, ಆಫೀಸು ಎಂದು ಕರೆಯುವ ಸಣ್ಣ ಖೋಲಿಗೆ ಹೋಗಿ ಫ್ಯಾನ್ ಹಚ್ಚಿಕೊಂಡು ಕೂತ. ಚಳಿಗಾಲದಲ್ಲೂ ಅವನಿಗೆ ಫ್ಯಾನ್ ಬೇಕು. ಆ ಫ್ಯಾನ್ ಪ್ರತಿ ಸುತ್ತಿಗೂ ಕಿರ್ರ್ ಎನ್ನುತ್ತಿತ್ತು.

ಗಿರಿಜಾ ನನ್ನನ್ನು ಚಹಾದ ಅಂಗಡಿಗೆ ಕರೆದೊಯ್ದಳು.

“ಅಣ್ಣಾ, ಆ ಫ್ಯಾನಿನ ಸಪ್ಪಳಾ ಕೇಳಿದಿ?”

“ಯಾರಿಗೆ ಕೇಳೂದಿಲ್ಲ?”

“ಅಪ್ಪಗ. ಎಷ್ಟೋ ಸಲ ಹೇಳೇನಿ, ಬೇರಿಂಗ್ ಹೋಗೈತಿ ಅಂತ. ‘ಎಲ್ಲೈತಿ ಸಪ್ಪಳಾ? ನಿನಗ ಹುಚ್ಚ’ ಅಂತಾನ. ದೊಡ್ಡ ದನಿ ಕೇಳಸ್ತೈತಿ. ಇಂಥಾ ಸಣ್ಣ ಸಪ್ಪಳ ಕೇಳಸವಲ್ದು.”

ಉಳಿದದ್ದನ್ನು ಅವಳು ಚಹಾ ಆರುವವರೆಗೆ ಹೇಳಿದಳು. ಹೋದ ಬೇಸಿಗೆಯಿಂದ ಕಾಕಾ ಹೊಂದಿಸಿದ ಟ್ಯಾಪೆಟ್‌ಗಳು ಸಡಿಲ ಉಳಿಯತೊಡಗಿದ್ದವು. ಸಪ್ಪಳ ನಿಜವಾಗಿ ನಿಲ್ಲುವ ಮೊದಲೇ ಅವನ ಕಿವಿಗೆ ನಿಲ್ಲುತ್ತಿತ್ತು. ಗಾಡಿಗಳು ತಿರುಗಿ ಬಂದವು. ಒಬ್ಬ ಟ್ಯಾಕ್ಸಿಯವನು ನಾಲ್ಕು ಜನರ ಮುಂದೆ, “ಕಾಕಾರ, ನನ್ನ ಎಂಜಿನ್ಯಾಗ ಚುರಮರಿ ಹುರಿಯಾಕ ಹಚ್ಚೀರೇನ್ರಿ?” ಎಂದಿದ್ದ. ಅಂದು ಕಾಕಾ ಊಟ ಮಾಡಲಿಲ್ಲ. ಅಂದಿನಿಂದ, ಸಪ್ಪಳ ನಿಂತಿತು ಎನಿಸಿದ ಮೇಲೂ, ಯಾರೂ ಏನೂ ಅನ್ನಬಾರದೆಂದು ಸ್ಕ್ರೂವನ್ನು ಇನ್ನೂ ಒಂದಿಷ್ಟು ತಿರುಗಿಸತೊಡಗಿದ. ಗಾಡಿಗಳು ಸುಮ್ಮನಾದವು. ಗಿರಾಕಿಗಳು ಹೊಗಳಿದರು.

“ದಸರಾಕ್ಕ ಬಂದ ಗಾಡಿ ಎಲ್ಲಾ ಹಿಂಗಽ ಅದಾವು, ಅಣ್ಣಾ. ಇವತ್ತು ಮಾಸ್ತರದ್ದು. ನಾಳೆ ಇನ್ನೊಬ್ಬರದು. ಅಪ್ಪನ ಹೆಸರು ಒಂದೊಂದಽ ವಾಲ್ವ್ ಆಗಿ ಸುಡತೈತಿ.”

“ಸಂಕ್ರಮಣಕ್ಕ ಎಲ್ಲಾರ್ನೂ ಕರಸಿ ಪತ್ತಿ ಹಾಕಿ ನೋಡಿ ಬಿಡು.”

“ನಾ ನೋಡಿದ್ರ ಅಪ್ಪಗ ಹೆಂಗ ಆಗಬ್ಯಾಡಾ? ಅವನಽ ನೋಡಬೇಕು. ನೋಡಬೇಕಂದ್ರ ಮೊದಲ ಕಿವಿ ತೋರಸಬೇಕು. ನೀ ಹೇಳು. ನೀ ಪೇಪರಿನಾಂವ, ನಿನ್ನ ಮಾತು ಕೇಳ್ತಾನ.”

ಪೇಪರಿನವರ ಮಾತು ಯಾರು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಹೋದೆ. ಮಾತು ತೆಗೆಯಲು ನನ್ನ ಕಾರಿನ ಸಪ್ಪಳವೇ ಸಾಕೆಂದುಕೊಂಡೆ.

ನನ್ನ ಕಾರಿನದು ಬೇರೆ ಜಾತಿ. ಅದರಲ್ಲಿ ತಿರುಗಿಸಲು ಸ್ಕ್ರೂ ಇಲ್ಲ. ಹೈಡ್ರಾಲಿಕ್ ಲಿಫ್ಟರ್ ಎಂಬ ಹೆಬ್ಬೆರಳು ಗಾತ್ರದ ಡಬ್ಬಿಗಳಿವೆ. ಅವುಗಳಲ್ಲಿ ಎಂಜಿನ್ ಆಯಿಲ್ ತುಂಬಿಕೊಂಡು, ಸಂದನ್ನು ಅವೇ ಮುಚ್ಚಿಕೊಳ್ಳುತ್ತವೆ. ರಾತ್ರಿಯೆಲ್ಲ ನಿಂತಾಗ ಆಯಿಲ್ ಕೆಳಗಿಳಿಯುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ತುಸು ಹೊತ್ತು ಟಿಕ್ ಟಿಕ್ ಎಂದು, ಆಯಿಲ್ ಏರಿದ ಮೇಲೆ ಸುಮ್ಮನಾಗುತ್ತವೆ. ಅದು ರೋಗವಲ್ಲ. ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ನೋಡಬೇಕು: ಆಯಿಲ್ ಕಡಿಮೆಯಿದೆಯೋ, ಕೊಳೆಯಾಗಿದೆಯೋ, ಇಲ್ಲ ಒಂದು ಲಿಫ್ಟರೇ ಕೆಟ್ಟಿದೆಯೋ. ನನ್ನದು ನಿಲ್ಲುತ್ತಿರಲಿಲ್ಲ. ಇಂಥ ಎಂಜಿನ್ ಬಂದ ಹೊಸತರಲ್ಲಿ ಕಾಕಾ, “ತಾವಽ ಹೊಂದಿಕೊಂಡು ಹೋಗೂ ಜಾತಿ, ನಿಮ್ಮ ಕಾಕು ಇದ್ದಂಗ” ಎಂದಿದ್ದ. “ಹೊಂದಿಕೊಂಡು ಹೋಗಿ ಹೋಗಿ ನನಗೂ ಆಯಿಲ್ ಮುಗದೈತಿ” ಎಂದು ಕಾಕು ಒಳಗಿನಿಂದ ಕೂಗಿದ್ದಳು.

ಎಂಜಿನ್ ಚಾಲೂ ಮಾಡಿದೆ. ಟಿಕ್ ಟಿಕ್. ರಸ್ತೆಯ ಆಚೆಗಿನ ಪಂಕ್ಚರ್ ಅಂಗಡಿಯವನೂ ತಿರುಗಿ ನೋಡಿದ. ಕಾಕಾ ಸ್ಕ್ರೂಡ್ರೈವರ್ ಊರಿ ಕಿವಿಗೆ ಹಚ್ಚಿದ. ಬಹಳ ಹೊತ್ತು ಕೇಳಿದ. ಆಮೇಲೆ, ಎಂಜಿನ್ ಬಿಟ್ಟು, ಗಿರಿಜಾಳ ಮುಖ ನೋಡಿದ.

“ಏನೂ ಇಲ್ಲಲ್ಲೋ,” ಎಂದ ಕಾಕಾ. ಅವನ ದನಿಯಲ್ಲಿ ಕೊನೆಗೆ ಸಣ್ಣದೊಂದು ಪ್ರಶ್ನೆಯಿತ್ತು.

ಆಗ ಮಾತಾಡಿದವರು ಮಾಸ್ತರರು. ಕುರ್ಚಿಯಿಂದ ಎದ್ದು, ಕಾಕಾನ ಎದುರಿಗೇ ಬಂದು ನಿಂತು, ತರಗತಿಯ ದನಿಯಲ್ಲಿ ಹೇಳಿದರು:

“ಈರಪ್ಪಾ, ನಾ ಕಡೀ ಬೆಂಚಿನ ಹುಡುಗೂರನ್ನ ಭಾಳ ನೋಡೇನಿ. ಕೇಳಸಲಾರದ್ದಕ್ಕ ಬಾಜೂದಾಂವನ ಮಾರಿ ನೋಡಿ ಉತ್ತರ ಹೇಳತಿದ್ರು. ಅವರಿಗೆ ನಾ ಬೈತಿದ್ದಿಲ್ಲ. ಮುಂದಿನ ಬೆಂಚಿಗೆ ಕರದು ಕೂಡಸತಿದ್ದೆ.”

ಕಾಕಾ ಸ್ಕ್ರೂಡ್ರೈವರನ್ನು ಮೊಳೆಗೆ ಹಾಕಿದ. “ಕಿವ್ಯಾಗ ಗುಗ್ಗಿ ಕೂತಿರಬೇಕ್ರಿ,” ಎಂದ.

“ಕೂತಿದ್ರ ತಗಸೂಣು. ನಾನೂ ಬರತೇನಿ. ನನ್ನ ಗಾಡಿ ಬಿಚ್ಚಿ ಬಿದ್ದೈತಿ, ಬ್ಯಾರೆ ಕೆಲಸಾ ಏನೈತಿ ನನಗ?”

ಸಂಕ್ರಮಣಕ್ಕೆ ಮುಂಚೆ ಕಾಕಾ, ಗಿರಿಜಾ, ಮಾಸ್ತರರು ಮತ್ತು ನಾನು ನನ್ನ ಟಿಕ್ ಟಿಕ್ ಕಾರಿನಲ್ಲೇ ಸತ್ತೂರಿನ ದವಾಖಾನೆಗೆ ಹೋದೆವು. ಕಿವಿಯಲ್ಲಿ ಗುಗ್ಗೆ ಸಿಗಲಿಲ್ಲ. ಕಾಕಾನನ್ನು ಗಾಜಿನ ಪೆಟ್ಟಿಗೆಯಂಥ ಖೋಲಿಯಲ್ಲಿ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಪ್ಪಳ ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಕಾಕಾ ಒಂದನ್ನೂ ತಪ್ಪಿಸಲಿಲ್ಲ. ಪರೀಕ್ಷೆ ಮಾಡುತ್ತಿದ್ದ ಹುಡುಗಿಗೆ ಸಂಶಯ ಬಂತು. ಸಪ್ಪಳ ಕಳಿಸುವಾಗಲೆಲ್ಲ ತನ್ನ ಬಲ ಹೆಗಲು ಅಲುಗುವುದನ್ನು ಅಜ್ಜ ಗಾಜಿನೊಳಗಿಂದ ನೋಡುತ್ತಿದ್ದಾನೆಂದು ತಿಳಿಯಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು. ಆಕೆ ಕುರ್ಚಿ ತಿರುಗಿಸಿ ಬೆನ್ನು ಮಾಡಿ ಕೂತಳು. ಆಮೇಲೆ ಸಣ್ಣ ಸಪ್ಪಳಗಳಿಗೆ ಕಾಕಾ ಗುಂಡಿ ಒತ್ತಲಿಲ್ಲ. ಕೀರಲು ದನಿಯ ಸಣ್ಣ ಸಪ್ಪಳಗಳು ಎರಡೂ ಕಿವಿಗೆ ಕೇಳಿಸುತ್ತಿಲ್ಲ, ವಯಸ್ಸು ಮತ್ತು ಇಷ್ಟು ವರ್ಷ ಎಂಜಿನ್ನಿನ ಹತ್ತಿರ ನಿಂತದ್ದು ಎರಡೂ ಕಾರಣ ಎಂದು ಡಾಕ್ಟರು ಹೇಳಿದರು. ಕಿವಿಗೆ ಮಷೀನ್ ಬರೆದುಕೊಟ್ಟು, ಹಾಕಿಕೊಂಡಾಗ ಒತ್ತಿ ಮುಚ್ಚಿದರೆ ಅದು ಕುಂಯ್ ಎನ್ನುತ್ತದೆಂದು ಎಚ್ಚರಿಸಿದರು.

ಮಷೀನ್ ಬಂತು. ಕಾಕಾ ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಮನೆಯಲ್ಲಿ ಒಮ್ಮೆ ಹಾಕಿಕೊಂಡನಂತೆ. ಕುಕ್ಕರಿನ ಸೀಟಿಗೆ ಬೆಚ್ಚಿಬಿದ್ದು, “ಈ ಮನ್ಯಾಗ ಇಷ್ಟ ಗದ್ದಲಾ ಇರತೈತೇನು?” ಎಂದು ತೆಗೆದಿಟ್ಟನಂತೆ. ಇದು ಕಾಕು ಹೇಳಿದ್ದು. ಕಾಕಾನ ಹೇಳಿಕೆ ಬೇರೆ: ಸೆಲ್ ವೀಕ್ ಇತ್ತು.

ದಸರೆಗೆ ಬಂದ ಗಾಡಿಗಳನ್ನೆಲ್ಲ ಸಂಕ್ರಮಣದ ವಾರ ಕಾಕಾನೇ ಫೋನ್ ಮಾಡಿ ಕರೆಸಿದ. ಫೋನಿನಲ್ಲಿ ಅವನು ನೆಪ ಹೇಳಲಿಲ್ಲ. “ಬಿಗಿ ಮಾಡೇನ್ರಿ, ಸಡ್ಲ ಮಾಡಿ ಕೊಡತೇನಿ, ತರ್ರಿ” ಎಂದ. ಆ ಕಡೆಯವರು ಏನೆಂದರೆಂಬುದನ್ನು ಗಿರಿಜಾ ಪಕ್ಕದಲ್ಲಿ ನಿಂತು, ಎದುರಿಗೆ ಮುಖ ಮಾಡಿ, ಜೋರಾಗಿ ಹೇಳುತ್ತಿದ್ದಳು. ಗಾಡಿಗಳು ಬಂದವು. ಕಾಕಾ ಕಲಿಯುವವರ ಪತ್ತಿಗಳನ್ನು ಹೊರತೆಗೆದ. ಪತ್ತಿ ಸಂದಿಯಲ್ಲಿ ಹೋಗುವಾಗ ಬೆರಳಿಗೆ ಹತ್ತುವ ತುಸು ಹಿಡಿತದ ಮೇಲೆ ಒಂದೊಂದನ್ನೇ ಹೊಂದಿಸಿದ. ಬೇರೆ ಯಾವ ಗಾಡಿಯ ವಾಲ್ವೂ ಸುಟ್ಟಿರಲಿಲ್ಲ. ಮುಗಿದ ಮೇಲೆ ಮಾಲೀಕರು ಪದ್ಧತಿಯಂತೆ ಸ್ಕ್ರೂಡ್ರೈವರ್ ಕೇಳಿದರು. ಅದನ್ನು ಕೊಟ್ಟವಳು ಗಿರಿಜಾ. ಚುರುಮುರಿಯ ಮಾತಾಡಿದ್ದ ಟ್ಯಾಕ್ಸಿಯವನು ಕಿವಿ ಹಚ್ಚಿ ಕೇಳಿ, “ಸಣ್ಣಗ ಸಪ್ಪಳಾ ಐತಲ್ರಿ” ಎಂದ.

“ಇರಬೇಕದು,” ಎಂದಳು ಗಿರಿಜಾ. ಅವನು ಹೂಂ ಎಂದ.

ನನ್ನ ಕಾರಿಗೆ ಅವಳು ಆಯಿಲ್, ಫಿಲ್ಟರ್ ಬದಲಿಸಿದಳು. ಸಪ್ಪಳ ಕಡಿಮೆಯಾಯಿತು, ಹೋಗಲಿಲ್ಲ. ಕಂಪ್ಯೂಟರ್ ಹಚ್ಚಿದರೆ ಅದು ಎಲ್ಲ ಸರಿಯಿದೆ ಎಂದು ತೋರಿಸಿತು. “ಕೆಟ್ಟ ಲಿಫ್ಟರ್ ಎರಡನೇದ್ದೋ ಮೂರನೇದ್ದೋ ನನಗ ಗ್ಯಾರಂಟಿ ಇಲ್ಲ, ಅಣ್ಣಾ. ಅಪ್ಪ ಹೇಳಬೇಕು” ಎಂದಳು. ಅಪ್ಪ ಆಗ ಹೇಳುವಂತಿರಲಿಲ್ಲ. ನಾನು ಹಾಗೆಯೇ ಓಡಿಸಿದೆ. ಯುಗಾದಿ ಬಂದು ಹೋಯಿತು.

ಹೋದ ಸೋಮವಾರ ಗ್ಯಾರೇಜಿನ ಬಾಗಿಲಲ್ಲಿ ಕಾರು ತಿರುಗಿಸುತ್ತಿದ್ದೆ. ಕಾಕಾ ಒಳಗಿನಿಂದ ದಡದಡ ಬಂದ. ಬಿಸಿಲೆಂದು ತಲೆಗೆ ಟಾವೆಲ್ ಸುತ್ತಿದ್ದ. ಅದು ಕಿವಿಯನ್ನೂ ಮುಚ್ಚಿತ್ತು.

“ಬಂದ್ ಮಾಡಬ್ಯಾಡ! ಬಂದ್ ಮಾಡಬ್ಯಾಡೋ!” ಎಂದು ಬಾನೆಟ್ ಎತ್ತಿಸಿದ. ಬಾಗಿ ನಿಂತು ಕೇಳಿದ. “ಟಿಕ್ ಟಿಕ್ ಅನ್ನಾಕತ್ತೈತಲ್ಲೋ ಇದು! ಎಷ್ಟು ದಿನಾ ಆತು?”

“ಭಾಳ ದಿನಾ ಆತು, ಕಾಕಾ.”

“ಮತ್ತ ಮೊದಲಽ ಹೇಳಬೇಕೋ ಬ್ಯಾಡೋ? ಏನ್ ಪೇಪರಿನಾಂವ ನೀ, ಸುದ್ದಿ ತಿಳಸೂದು ಗೊತ್ತಿಲ್ಲ!”

ಮೊಳೆಯಿಂದ ಸ್ಕ್ರೂಡ್ರೈವರ್ ತೆಗೆದು, ತುದಿ ಊರಿ, ಹಿಡಿಯನ್ನು ಟಾವೆಲ್ಲಿನ ಮೇಲಿಂದಲೇ ಕಿವಿಗೆ ಒತ್ತಿದ. ಟಾವೆಲ್ಲಿನೊಳಗಿಂದ ಕುಂಯ್ ಎಂಬ ಸೀಟಿ ಬಂತು. ಗಿರಿಜಾ ಟಯರುಗಳ ಕಡೆ ನೋಡಿದಳು. ನಾನು ರಸ್ತೆಯ ಕಡೆ ನೋಡಿದೆ. ಕಾಕಾ ಸ್ಕ್ರೂಡ್ರೈವರನ್ನು ಮಗಳ ಕೈಗೆ ಕೊಟ್ಟು, ತಾನು ಹಾಗೆಯೇ ಎಂಜಿನ್ನಿನ ಮೇಲೆ ಇನ್ನಷ್ಟು ಬಾಗಿದ.

“ಮೂರನೇದ್ದರ ಮ್ಯಾಲೆ ಹಿಡಿ,” ಎಂದ.

ಅವಳು ಹಿಡಿದಳು, ಕಣ್ಣು ಮುಚ್ಚಿ ಕೇಳಿದಳು. “ಹೌದು,” ಎಂದಳು.

ಮೂರನೆಯ ಲಿಫ್ಟರ್ ಹೊರಬಂತು. ಒಳ್ಳೆಯದಾದರೆ ಹೆಬ್ಬೆರಳಲ್ಲಿ ಒತ್ತಿದಾಗ ಕಲ್ಲಿನಂತಿರುತ್ತದೆ. ಇದು ಒಳಗೆ ಹೋಯಿತು. ಕಾಕಾ ಅದನ್ನು ನನ್ನ ಕೈಯಲ್ಲಿ ಇಟ್ಟು, “ಒತ್ತಿ ನೋಡು. ಹಣ್ಣಾದ ಪೇರಲ ಇದ್ದಂಗ ಐತಿ,” ಎಂದ. ಹೊಸದು ಮರುದಿನ ಬಂತು, ಹಾಕಿದರು.

ನನ್ನ ಕಾರು ಈಗ ಬೆಳಿಗ್ಗೆ ತುಸು ಹೊತ್ತು ಮಾತ್ರ ಸಪ್ಪಳ ಮಾಡುತ್ತದೆ. ಮಾಸ್ತರರ ಕಾರು ಧಾರವಾಡ ಮತ್ತು ಗರಗದ ನಡುವೆ ಓಡುತ್ತಿದೆ. ನಿನ್ನೆ ಸಂಜೆ ಗ್ಯಾರೇಜಿಗೆ ಹೋದಾಗ ಆಫೀಸಿನ ಫ್ಯಾನ್ ಬಿಚ್ಚಿ ಮೇಜಿನ ಮೇಲಿತ್ತು. ಕಾಕಾ ಬೇರಿಂಗ್ ತರಲು ಹೋಗಿದ್ದಾನೆಂದು ಗಿರಿಜಾ ಹೇಳಿದಳು.